ಸ್ಪ್ರಿಂಗ್ ಬದಲಿಸಿ ಕಾರು ತಗ್ಗಿಸಿದ ಮೇಲೆ ಮುಂದಿನ ಟೈರಿನ ಒಳಅಂಚು ಬೇಗ ಸವೆಯುತ್ತಿದೆ, ಯಾಕೆ? (ಶಿರಸಿ–ಕುಮಟಾ ಓಡಾಟ)

ತಗ್ಗಿಸಿದ ಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸದೇ ಇದ್ದರೆ ಹೀಗಾಗುತ್ತದೆ. ಕಾರು ಕೆಳಗಿಳಿದಾಗ ಚಕ್ರ ಹಿಡಿದಿರುವ ಆರ್ಮ್‌ಗಳ ಕೋನ ಬದಲಾಗುತ್ತದೆ. ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಇದು ಕ್ಯಾಂಬರ್; ಆಗ ಭಾರ ಟೈರಿನ ಒಳಅಂಚಿನ ಮೇಲೆ ಜಾಸ್ತಿ ಬೀಳುತ್ತದೆ. ಜೊತೆಗೆ ಚಕ್ರಗಳು ನೇರ ನೋಡದೆ ಒಳಗೋ ಹೊರಗೋ ತಿರುಗುತ್ತವೆ, ಇದು ಟೋ. ಟೈರನ್ನು ಜಾಸ್ತಿ ತಿನ್ನುವುದು ಈ ಟೋ. ಚಕ್ರ ಉರುಳುತ್ತಲೇ ಅಡ್ಡಕ್ಕೂ ಉಜ್ಜಿಕೊಂಡು ಹೋಗುತ್ತದೆ, ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸಿದ ಹಾಗೆ.

ದೇವಿಮನೆ ಘಟ್ಟದಲ್ಲಿ ಗುಂಡಿಗೆ ಬಿದ್ದರೆ ಇನ್ನೊಂದು ಪೆಟ್ಟು. ಸ್ಪ್ರಿಂಗ್ ಕುಗ್ಗಲು ಜಾಗ ಕಡಿಮೆ, ಅಲ್ವಾ? ಸಸ್ಪೆನ್ಷನ್ ಬಂಪ್ ಸ್ಟಾಪಿಗೆ (ಕೊನೆಯಲ್ಲಿ ತಡೆಯುವ ಮೆತ್ತನೆ ತುಂಡು) ಬಡಿಯುತ್ತದೆ; ಶಾಕ್ ಅಬ್ಸಾರ್ಬರ್, ಬುಷ್ (ಆರ್ಮ್‌ಗಳ ಕೀಲಿನ ರಬ್ಬರ್) ಬೇಗ ಹೋಗುತ್ತವೆ.

ಹೊಸ ಸ್ಪ್ರಿಂಗ್ ಸ್ವಲ್ಪ ದಿನ ಓಡಿ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಟೋ ಸುಲಭವಾಗಿ ಸರಿಹೋಗುತ್ತದೆ. ಕ್ಯಾಂಬರ್‌ಗೆ ಹಲವು ಕಾರುಗಳಲ್ಲಿ ಬೇರೆ ಬೋಲ್ಟ್ ಹಾಕಿಸಬೇಕು.