ಎಲ್ಲರ ಅಳಲೂ ಮ್ಯಾನೇಜರ್ ತಲೆಗೆ

ಪ್ರಶ್ನೆ: ನಾನು ಒಂಬತ್ತು ಜನರ ತಂಡದ ಮ್ಯಾನೇಜರ್. ದಿನಕ್ಕೆ ಇಬ್ಬರಾದರೂ ಬಂದು ಸಿಟ್ಟು, ಬೇಸರ ತೋಡಿಕೊಳ್ಳುತ್ತಾರೆ. ಅವರೇನೋ ಹಗುರಾಗಿ ಹೋಗುತ್ತಾರೆ. ಸಂಜೆ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿರುತ್ತದೆ. ಕೇಳಿಸಿಕೊಳ್ಳುವುದನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಬಿಟ್ಟರೆ ದೂರುಗಳೇನೂ ನಿಲ್ಲುವುದಿಲ್ಲ, ನಿಮ್ಮ ಕಿವಿಗೆ ಬೀಳುವುದಷ್ಟೇ ನಿಲ್ಲುತ್ತದೆ. ರಾಜೀನಾಮೆ ಪತ್ರ ಕೈಗೆ ಬಂದ ದಿನ ವಿಷಯ ಗೊತ್ತಾಗುತ್ತದೆ.

ನಿಮ್ಮನ್ನು ಹಣ್ಣು ಮಾಡುತ್ತಿರುವುದು ಕೇಳುವುದಕ್ಕಿಂತ ಹೆಚ್ಚಾಗಿ, ಕೇಳುತ್ತಾ ನುಂಗಿಕೊಳ್ಳುವುದು. ಎದುರಿಗಿರುವವರು ನಿಮ್ಮದೇ ತೀರ್ಮಾನವನ್ನು ಬೈಯುತ್ತಿದ್ದರೂ ಮುಖ ಗಂಟಿಕ್ಕದೆ 'ಹೂಂ, ಹೇಳಿ' ಅನ್ನಬೇಕು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ, ಗಗನಸಖಿಯರ ನಗುವನ್ನು ಅಧ್ಯಯನ ಮಾಡಿ, ಇಂಥದ್ದನ್ನು 'ಭಾವನಾತ್ಮಕ ದುಡಿಮೆ' ಎಂದು ಕರೆದರು. ದುಡಿಮೆ ಎಂದಮೇಲೆ ಆಯಾಸ ಇದ್ದೇ ಇದೆ.

ಮಾತು ಶುರುವಾಗುವಾಗಲೇ ಕೇಳಿಬಿಡಿ: 'ನಾನು ಏನಾದರೂ ಮಾಡಬೇಕಾ, ಸುಮ್ಮನೆ ಕೇಳಿದರೆ ಸಾಕಾ?' ಎಷ್ಟೋ ಸಲ ಕೇಳಿದರೆ ಸಾಕಾಗಿರುತ್ತದೆ. ಪರಿಹಾರ ಹುಡುಕುವ ಹೊರೆ ನೀವಾಗಿಯೇ ಹೊತ್ತುಕೊಂಡಿರುತ್ತೀರಿ. '15 ನಿಮಿಷ ಇದೆ' ಎಂದೂ ಹೇಳಿ. ಮೊದಲ ಐದು ನಿಮಿಷ ಬಾಯಿ ಹಾಕಬೇಡಿ. ಆಮೇಲೆ 'ಏನು ನಡೆಯಿತು, ಯಾವಾಗ?' ಎಂದು ಕೇಳಿ. 'ಅವರು ಯಾವಾಗಲೂ ಹೀಗೇ' ಅನ್ನುವುದು 'ಸಂಜೆ ಆರಕ್ಕೆ ಫೈಲ್ ಕೊಟ್ಟು ಬೆಳಿಗ್ಗೆ ಒಂಬತ್ತಕ್ಕೆ ಮುಗಿದಿರಬೇಕು ಅಂದರು' ಎಂದಾದರೆ, ಸರಿಪಡಿಸಲು ಕೈಗೆ ಏನೋ ಸಿಕ್ಕಿತು.

ಇಲ್ಲಿ ಬಹಳ ಮ್ಯಾನೇಜರುಗಳು ಜಾರುವುದು ಸಮಾಧಾನಕ್ಕೆಂದು 'ಹೌದು, ಅವರು ಹಾಗೇನೇ' ಎಂದು ದನಿಗೂಡಿಸುವಲ್ಲಿ. ಸಂಜೆಯೊಳಗೆ ಅದು 'ಮ್ಯಾನೇಜರೇ ಹೇಳಿದರು' ಎಂದಾಗಿರುತ್ತದೆ. ಕಾರಿಕೊಂಡರೆ ಸಿಟ್ಟು ಇಳಿಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವರನ್ನು ನೆನೆದು ಪಂಚಿಂಗ್ ಬ್ಯಾಗ್ ಗುದ್ದಿದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಹೆಚ್ಚಾಗಿತ್ತು. ಆದ್ದರಿಂದ ಅದೇ ದೂರು ಮೂರನೇ ಸಲ ಬಂದರೆ ಮೊದಲಿನಿಂದ ಕೇಳುತ್ತಾ ಕೂರಬೇಡಿ; 'ಕಳೆದ ಸಲ ಅಂದುಕೊಂಡದ್ದು ಏನಾಯಿತು?' ಎಂದು ಅಲ್ಲಿಂದಲೇ ಹಿಡಿಯಿರಿ.

ಅವರು ಎದ್ದುಹೋದ ಮೇಲೆ ಹತ್ತು ನಿಮಿಷ ಯಾವ ಮೀಟಿಂಗೂ ಬೇಡ, ಮೇಲ್‌ಗೆ ಉತ್ತರವೂ ಬೇಡ; ಆ ಬಿಸಿ ಮುಂದಿನವರ ಮೇಲೆ ಇಳಿಯುತ್ತದೆ. ಯಾರು ಏನು ಮಾಡಬೇಕೆಂದು ಎರಡು ಸಾಲು ಬರೆದಿಟ್ಟು ಎದ್ದು ನಡೆದಾಡಿ. ನಿಮ್ಮ ಅಳಲನ್ನು ಸರಿಸಮಾನರ ಹತ್ತಿರವೋ ಮೇಲಿನವರ ಹತ್ತಿರವೋ ಹೇಳಿಕೊಳ್ಳಿ, ತಂಡದವರ ಹತ್ತಿರ ಖಂಡಿತ ಬೇಡ.

'ಯಾರಿಗೂ ಹೇಳಲ್ಲ' ಎಂದು ಮಾತ್ರ ಮೊದಲೇ ಮಾತು ಕೊಡಬೇಡಿ. ಕಿರುಕುಳ, ಬೆದರಿಕೆ, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಬಂದರೆ ಅದನ್ನು ಅಂದೇ ಸಂಬಂಧಪಟ್ಟವರಿಗೆ ಮುಟ್ಟಿಸಬೇಕು, ಮುಟ್ಟಿಸುತ್ತಿದ್ದೇನೆ ಎಂದು ಹೇಳಿಕೊಂಡವರಿಗೂ ತಿಳಿಸಬೇಕು.