ಬಡ ಬಡಾವಣೆಯ ಯುವಕರಿಗೆ ಒಳ್ಳೆಯ ಕೆಲಸ ಸಿಗುವಂತೆ ಮಾಡಲು ಸ್ಥಳೀಯ ಸಂಘವೊಂದು ಏನು ಮಾಡಬಹುದು?

ನಿಮ್ಮ ಬಡಾವಣೆ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಇದ್ದರೂ ಅಲ್ಲಿನ ಹುಡುಗರಿಗೆ ಕಾರ್ಖಾನೆಗಳಲ್ಲಿ ನೆಲೆಯಾದ ಕೆಲಸ ಸಿಗುತ್ತಿಲ್ಲವೆಂದೂ, ದಾನಿಯೊಬ್ಬರ ಹಣದಲ್ಲಿ ಕಂಪ್ಯೂಟರ್ ತರಗತಿ ತೆರೆಯಬೇಕೇ ಅಥವಾ ಉದ್ಯೋಗ ಮೇಳ ನಡೆಸಬೇಕೇ ಎಂದು ನಿಮ್ಮ ಸಂಘ ಯೋಚಿಸುತ್ತಿದೆಯೆಂದೂ ಬರೆದಿದ್ದೀರಿ. ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ಬಹುಕಾಲ ಮೇಲ್ವಿಚಾರಕನಾಗಿದ್ದು, ಹೊಸಬರನ್ನು ಆರಿಸುವ ಕೆಲಸವನ್ನೂ ಮಾಡಿದ ಅನುಭವದಿಂದ ಹೇಳುವುದಾದರೆ, ಆ ಹಣವನ್ನು ಇವೆರಡರಲ್ಲಿ ಯಾವುದಕ್ಕೂ ಖರ್ಚು ಮಾಡಬೇಡಿ.

ಸಣ್ಣ ಕಾರ್ಖಾನೆಗಳು ಜಾಹೀರಾತು ಕೊಟ್ಟು ಜನರನ್ನು ಹುಡುಕುವುದು ಅಪರೂಪ. ಲೇತ್ ಯಂತ್ರ ನಡೆಸುವವನೊಬ್ಬ ಬಿಟ್ಟುಹೋದರೆ, ಮಾಲೀಕರು ಉಳಿದ ಕೆಲಸಗಾರರನ್ನೇ ‘ನಿಮ್ಮ ಕಡೆ ಯಾರಾದರೂ ಇದ್ದಾರೆಯೇ’ ಎಂದು ಕೇಳುತ್ತಾರೆ. ಒಳಗೆ ಅಣ್ಣನೋ ಮಾವನೋ ಇರುವ ಹುಡುಗನಿಗೆ ಆ ಸುದ್ದಿ ಅಂದೇ ಮುಟ್ಟುತ್ತದೆ. ಯಾರೂ ಇಲ್ಲದವನು ಗೇಟಿನ ಎದುರಿನ ಬೀದಿಯಲ್ಲೇ ವಾಸವಾಗಿದ್ದರೂ ಅವನಿಗೆ ತಿಳಿಯುವುದಿಲ್ಲ. ವಿಳಾಸದಲ್ಲಿ ಕೊಳೆಗೇರಿಯ ಹೆಸರು ಕಂಡೊಡನೆ ಹಿಂಜರಿಯುವವರೂ ಇದ್ದಾರೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಈಗಾಗಲೇ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಿಮ್ಮ ಬಡಾವಣೆಯವರ ಪಟ್ಟಿ ಮಾಡಿ, ಯಾವ ಘಟಕದಲ್ಲಿ ಎಂತಹ ಕೆಲಸ ಖಾಲಿಯಿದೆ ಎಂಬುದನ್ನು ಅವರಿಂದ ವಾರಕ್ಕೊಮ್ಮೆ ತಿಳಿದುಕೊಳ್ಳುವ ಹೊಣೆಯನ್ನು ಒಬ್ಬರಿಗೆ ಸಂಬಳ ಕೊಟ್ಟೇ ವಹಿಸಿರಿ. ಹುಡುಗನನ್ನು ಕರೆದೊಯ್ದು ಪರಿಚಯಿಸಿ, ಅವನು ಒಂದು ದಿನ ಬರದಿದ್ದರೆ ಮಾಲೀಕರ ಫೋನಿಗೆ ಉತ್ತರ ಕೊಡುವವರೂ ಅವರೇ ಆಗಿರಬೇಕು. ಮೇಳದಿಂದ ಇದು ಸಾಧ್ಯವಾಗದು. ನಾನು ಕಂಡ ಮೇಳಗಳಲ್ಲಿ ಹೆಚ್ಚಾಗಿ ಬಂದವರು ಹೆಲ್ಪರುಗಳನ್ನು ಪೂರೈಸುವ ಗುತ್ತಿಗೆದಾರರು.

ಇನ್ನು ಕಲಿಕೆಯ ವಿಷಯ. ನಮ್ಮಲ್ಲಿ ಹೊಸಬನಿಗೆ ಬಿಡಿಭಾಗದ ಡ್ರಾಯಿಂಗ್, ಅಂದರೆ ಅಳತೆಯ ನಕ್ಷೆ, ಓದಲು ಬರುತ್ತದೆಯೇ, ವರ್ನಿಯರ್ ಮತ್ತು ಮೈಕ್ರೊಮೀಟರ್ ಹಿಡಿದು ಅಳತೆ ತೆಗೆಯಬಲ್ಲನೇ ಎಂದು ನೋಡುತ್ತಿದ್ದೆವೇ ಹೊರತು ಕಂಪ್ಯೂಟರ್ ತರಗತಿಯ ಪ್ರಮಾಣಪತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಇವನ್ನು ಕಲಿಸಲು ಐಟಿಐಗಳಿವೆ, ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. ನೀವು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಎರಡು ವರ್ಷದ ಐಟಿಐ ಟ್ರೇಡುಗಳಿಗೆ, ಅಂದರೆ ಕಸುಬಿನ ಕೋರ್ಸುಗಳಿಗೆ, ಎಸ್ಸೆಸ್ಸೆಲ್ಸಿ ಬೇಕು, ಆದರೆ ವೆಲ್ಡರ್ ಟ್ರೇಡಿಗೆ ಎಂಟನೆಯ ತರಗತಿ ಸಾಕು, ಅವಧಿಯೂ ಒಂದೇ ವರ್ಷ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ಬಾಗಿಲೆಂದರೆ ಅಪ್ರೆಂಟಿಸ್‌ಗಿರಿ, ಅಂದರೆ ಕಾರ್ಖಾನೆಯಲ್ಲೇ ಶಿಷ್ಯವೇತನ ಪಡೆಯುತ್ತ ಕೆಲಸ ಕಲಿಯುವುದು, ಮತ್ತು ಅದನ್ನು ಕೇಳಿ ಪಡೆಯುವವರು ತೀರ ಕಡಿಮೆ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸಣ್ಣ ಘಟಕಗಳೂ ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು, ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2016ರಿಂದ ಇದೆ. ಇದನ್ನು ತಿಳಿಯದ ಮಾಲೀಕರೂ ಇರುವುದರಿಂದ, ನಿಮ್ಮ ಪ್ರತಿನಿಧಿ ಕಾಗದಪತ್ರದ ಕೆಲಸವನ್ನು ತಾವೇ ಮಾಡಿಕೊಡುತ್ತೇವೆಂದು ಮುಂದೆ ಬಂದರೆ ಅನೇಕರು ಒಪ್ಪುತ್ತಾರೆ. ಒಂದು ಎಚ್ಚರಿಕೆ: ‘ಟ್ರೈನಿ’ ಎಂದು ಕರೆದು ವರ್ಷಗಟ್ಟಲೆ ಗುಡಿಸುವ, ಎತ್ತಿಡುವ ಕೆಲಸ ಮಾಡಿಸುವವರೂ ಇದ್ದಾರೆ, ಆದ್ದರಿಂದ ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕಷ್ಟ ಇರುವುದು ಶಿಷ್ಯವೇತನದ ಮೊತ್ತದಲ್ಲಿ. ಬೈಕ್ ಮೇಲೆ ಊಟ ತಲುಪಿಸುವ ಗೆಳೆಯನಿಗೆ ಕೈತುಂಬ ಹಣ ಬರುತ್ತಿರುವಾಗ, ಮನೆಯ ಬಾಡಿಗೆಗೂ ಸಾಲದಷ್ಟು ಪಡೆದು ಕಲಿಯುತ್ತ ಕೂರಲು ಬಡ ಮನೆಯ ಹಿರಿಮಗನಿಂದ ಆಗದು. ಅವನಿಗೆ ಸೋಮಾರಿಯೆಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾಜ್ಯದ ಯುವನಿಧಿಯೂ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಅದು ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುವ ಯೋಜನೆ. ದಾನಿಯ ಹಣ ಸಲ್ಲಬೇಕಾದದ್ದು ಈ ಕೊರತೆಯನ್ನು ತುಂಬಲು: ಅಪ್ರೆಂಟಿಸ್ ಆಗಿ ಸೇರಿದವನಿಗೆ ತಿಂಗಳಿಗಿಷ್ಟೆಂದು ಪೂರಕ ಮೊತ್ತ, ಬಸ್ ಪಾಸ್, ಸುರಕ್ಷತಾ ಶೂ. ಹತ್ತು ಕಂಪ್ಯೂಟರುಗಳ ಬೆಲೆಯಲ್ಲಿ ಕೆಲವೇ ಹುಡುಗರನ್ನು ಹೀಗೆ ಸಾಕಲಾದೀತು, ಆದರೆ ಅವರು ಕಾರ್ಖಾನೆಯಲ್ಲಿ ನೆಲೆನಿಂತ ಮೇಲೆ ಮುಂದಿನವರಿಗೆ ‘ಒಳಗಿನ ಅಣ್ಣ’ ಆಗುತ್ತಾರೆ.

ಹೆಣ್ಣುಮಕ್ಕಳನ್ನು ನೀವು ಪ್ರಶ್ನೆಯಲ್ಲಿ ಹೆಸರಿಸಿಲ್ಲ. ಅವರು ಗಾರ್ಮೆಂಟ್ಸ್‌ಗೇ ಹೋಗಬೇಕೆಂದೇನೂ ಇಲ್ಲ. ಗುಣಮಟ್ಟ ತಪಾಸಣೆ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟಿಂಗ್ ಕೆಲಸಗಳಿಗೆ ಅವರನ್ನು ತೆಗೆದುಕೊಳ್ಳುವ ಘಟಕಗಳಿವೆ, ಮತ್ತು 2023ರ ಜೂನ್‌ನಿಂದ ಶಕ್ತಿ ಯೋಜನೆಯಿರುವುದರಿಂದ ದೂರದ ಕಾರ್ಖಾನೆಗೂ ಬಸ್ ಖರ್ಚಿಲ್ಲದೆ ಹೋಗಬಹುದು.

ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರನ್ನು ಈಗಲೇ ಗುರುತಿಸಿಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುವುದರಿಂದ, ಗಣಿತಕ್ಕೊಬ್ಬ ಮೇಷ್ಟರನ್ನು ಗೊತ್ತುಮಾಡಿದರೆ ಅವರಲ್ಲಿ ಹಲವರು ಅದೇ ವರ್ಷ ಪಾಸಾಗಬಲ್ಲರು. ಐಟಿಐ ಅರ್ಜಿ ಕರೆಯುವ ಹೊತ್ತಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಕೈಯಲ್ಲಿರಬೇಕು, ಆದ್ದರಿಂದ ನಾಡಕಚೇರಿಗೆ ಅರ್ಜಿ ಹಾಕುವ ಕೆಲಸವನ್ನು ಫಲಿತಾಂಶಕ್ಕೆ ಕಾಯದೆ ಮಾಡಿಸಿಬಿಡಿ.