ಹುರುಳಿಯ ಲೆಕ್ಟಿನ್‌ಗೂ ನಮ್ಮ ಗ್ಯಾಲೆಕ್ಟಿನ್‌ಗೂ ನಂಟಿದೆಯೇ?

ಪ್ರಶ್ನೆ: ರಕ್ತದ ಎ1, ಎ2 ಗುಂಪು ಬೇರ್ಪಡಿಸಲು ಹುರುಳಿಕಾಳಿನ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ಬಳಸುತ್ತಾರೆ. ನಮ್ಮ ದೇಹದ ಲೆಕ್ಟಿನ್‌ಗಳಾದ ಗ್ಯಾಲೆಕ್ಟಿನ್‌ಗಳ ಆಕಾರವೂ ಅದರಂತೆಯೇ ಇದೆಯಂತೆ. ಹಾಗಾದರೆ ಮೂಲವೂ ಒಂದೇ ತಾನೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಆಕಾರ ಹೋಲುವುದು ನಿಜ. ಎರಡರಲ್ಲೂ ಬೀಟಾ ಎಳೆಗಳ (ಪ್ರೋಟೀನ್ ಸರಪಳಿಯ ನೀಳ ತುಂಡುಗಳ) ಎರಡು ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಆದರೆ ಅಮೈನೋ ಆಮ್ಲಗಳ ಸರಣಿ ತಾಳೆಯಾಗುವುದಿಲ್ಲ, ಸಕ್ಕರೆ ಕೂರುವ ಜಾಗವೂ ಬೇರೆ. ದ್ವಿದಳ ಕಾಳುಗಳ ಲೆಕ್ಟಿನ್‌ಗೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಬೇಕು. ಗ್ಯಾಲೆಕ್ಟಿನ್‌ಗೆ ಯಾವ ಲೋಹವೂ ಬೇಡ. ಆಕಾರವೊಂದನ್ನೇ ನಂಬಿ ನಂಟಸ್ತಿಕೆ ಹೇಳಲಾಗದು.

ಗ್ಯಾಲೆಕ್ಟಿನ್‌ನಲ್ಲಿ ಸಕ್ಕರೆ ಹಿಡಿಯುವ ಭಾಗ ಸುಮಾರು 130 ಅಮೈನೋ ಆಮ್ಲಗಳದ್ದು. ಮಾನವನ ಗ್ಯಾಲೆಕ್ಟಿನ್-1ನ್ನೇ ನೋಡಿ: 68ನೇ ಸ್ಥಾನದ ಟ್ರಿಪ್ಟೋಫಾನ್‌ನ ಚಪ್ಪಟೆ ಉಂಗುರಕ್ಕೆ ಗ್ಯಾಲಕ್ಟೋಸ್ ಒರಗುತ್ತದೆ. ಹಿಸ್ಟಿಡಿನ್ 44, ಆಸ್ಪರಜಿನ್ 46, ಆರ್ಜಿನಿನ್ 48 ಸೇರಿ ಅದರ ನಾಲ್ಕನೇ ಕಾರ್ಬನ್‌ನ ಹೈಡ್ರಾಕ್ಸಿಲ್ ಅನ್ನು ಹಿಡಿಯುತ್ತವೆ. ಗ್ಲೂಕೋಸ್‌ನಲ್ಲಿ ಆ ಹೈಡ್ರಾಕ್ಸಿಲ್ ಬೇರೆ ದಿಕ್ಕಿಗಿರುವುದರಿಂದ ಅಲ್ಲಿ ಹಿಡಿತ ಸಿಗದು.

ಗ್ಯಾಲೆಕ್ಟಿನ್‌ಗಳ ವಂಶಾವಳಿ ತಿಳಿಯಲು ಜೀನ್ ನೋಡಬೇಕು. ಕಶೇರುಕಗಳಲ್ಲಿ ಸಕ್ಕರೆ ಹಿಡಿಯುವ ಈ ಭಾಗಕ್ಕೆ ಮೂರು ಎಕ್ಸಾನ್‌ಗಳಿವೆ (ಎಕ್ಸಾನ್ ಎಂದರೆ ಜೀನ್‌ನಲ್ಲಿ ಪ್ರೋಟೀನ್‌ನ ಸಂಕೇತವಿರುವ ತುಂಡು). ನಡುವಿನ ಎಕ್ಸಾನ್ ಮುಗಿಯುವುದು ಆ ಎರಡು ಹಾಳೆಗಳಲ್ಲಿ ಒಂದರ ಎಫ್3 ಅಥವಾ ಎಫ್4 ಎಂಬ ಬೀಟಾ ಎಳೆಯಲ್ಲಿ. ಗ್ಯಾಲೆಕ್ಟಿನ್ 4, 8, 9, 12ರಲ್ಲಿ ಇಂಥ ಎರಡು ಭಾಗಗಳಿದ್ದು, ಮೊದಲನೆಯದು ಎಫ್4 ಬಗೆಯದು, ಎರಡನೆಯದು ಎಫ್3. ಹಳೆಯದೊಂದು ಜೀನ್ ಇಮ್ಮಡಿಯಾಗಿ ಎರಡು ಭಾಗಗಳ ಜೋಡಿ ಹುಟ್ಟಿತು, ಒಂದೇ ಭಾಗವಿರುವ ಒಂಟಿ ಗ್ಯಾಲೆಕ್ಟಿನ್‌ಗಳು ಅದರಿಂದ ಕವಲೊಡೆದವು ಎಂಬುದು ಇದರಿಂದ ಕಟ್ಟಿದ ವಾದ. ಅಂದಹಾಗೆ, ಗ್ಯಾಲೆಕ್ಟಿನ್ ಪ್ರಾಣಿಗಳ ಸ್ವತ್ತೇನಲ್ಲ, ಕೆಲವು ಅಣಬೆಗಳಲ್ಲೂ ಇದೆ.

ಪ್ರಶ್ನೆ: ಲ್ಯಾಕ್ಟೋಸ್ ಕಾಲಂನಲ್ಲಿ ಗ್ಯಾಲೆಕ್ಟಿನ್-1 ಶುದ್ಧೀಕರಿಸಿದೆ. ಜೆಲ್‌ನಲ್ಲಿ 14 ಕಿಲೋಡಾಲ್ಟನ್ ಬಳಿ ಒಂದೇ ಪಟ್ಟಿ. ಆದರೂ ಅದನ್ನು ಬೆರೆಸಿದಾಗ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿಲ್ಲ. (ಸಂಶೋಧನಾ ವಿದ್ಯಾರ್ಥಿ, ಧಾರವಾಡ)

ಉತ್ತರ: ಮೊದಲ ಅನುಮಾನ ಲ್ಯಾಕ್ಟೋಸ್ ಮೇಲೆ. ಕಾಲಂನಿಂದ ಪ್ರೋಟೀನ್ ಇಳಿಸಲು ಹಾಕಿದ 100 ಮಿಲಿಮೋಲಾರ್ ಲ್ಯಾಕ್ಟೋಸ್ ಚೂರು ಉಳಿದರೂ ಸಕ್ಕರೆ ಕೂರುವ ಜಾಗ ತುಂಬಿ ಅಂಟುವಿಕೆ ತಡೆಯುತ್ತದೆ. ಬಫರ್ ಹಲವು ಸಲ ಬದಲಿಸಿ ಡಯಾಲಿಸಿಸ್ (ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಮಾಡಿ.

ಎರಡನೆಯದು ಆಕ್ಸಿಡೀಕರಣ. ಗ್ಯಾಲೆಕ್ಟಿನ್-1ರಲ್ಲಿ ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಆರು ಕಡೆ ಇದೆ. ಗಾಳಿ ತಾಗಿ ಅವು ತಮ್ಮೊಳಗೇ ಡೈಸಲ್ಫೈಡ್ ಬಂಧ ಕಟ್ಟಿಕೊಂಡರೆ ಆಕಾರ ಕೆಟ್ಟು ಸಕ್ಕರೆ ಹಿಡಿಯುವುದು ನಿಲ್ಲುತ್ತದೆ. ಕೋಶ ಒಡೆಯುವಾಗಿನಿಂದಲೇ ಬಫರ್‌ಗೆ ಆಕ್ಸಿಡೀಕರಣ ತಡೆಯುವ 4 ಮಿಲಿಮೋಲಾರ್ ಬೀಟಾ-ಮರ್ಕ್ಯಾಪ್ಟೋಎಥನಾಲ್ ಸೇರಿಸಿ. ದೀರ್ಘಕಾಲ ಇಡುವುದಾದರೆ ಲ್ಯಾಕ್ಟೋಸ್ ಇರುವಾಗಲೇ ಅಯೋಡೋಅಸಿಟಮೈಡ್‌ನಿಂದ ಸಿಸ್ಟೀನ್‌ಗಳನ್ನು ಮುಚ್ಚುವುದು ಲೇಸು. ಆದರೆ ಮರ್ಕ್ಯಾಪ್ಟೋಎಥನಾಲ್ ಆ ಅಯೋಡೋಅಸಿಟಮೈಡನ್ನೇ ನುಂಗಿಹಾಕುತ್ತದೆ, ಹಾಗಾಗಿ ಮರ್ಕ್ಯಾಪ್ಟೋಎಥನಾಲನ್ನು ಮೊದಲು ತೆಗೆಯಿರಿ.

ಇವೆರಡೂ ಸರಿಯಿದ್ದರೆ ಸಾಂದ್ರತೆ ನೋಡಿ. ಕಣಗಳನ್ನು ಜೋಡಿಸುವುದು ಡೈಮರ್, ಅಂದರೆ ಎರಡು ಗ್ಯಾಲೆಕ್ಟಿನ್ ಅಣುಗಳ ಜೋಡಿ. ತೀರಾ ತೆಳುಮಾಡಿದರೆ ಅದು ಒಡೆದು ಒಂಟಿಯಾಗುತ್ತದೆ. ಟ್ರಿಪ್ಸಿನ್ ಹಾಕಿ ತೊಳೆದ ಮೊಲದ ರಕ್ತಕಣ ಬಳಸಿದರೆ ಪರೀಕ್ಷೆ ಹೆಚ್ಚು ಸೂಕ್ಷ್ಮ.